ಫೋಟೋಶೂಟಿಗೆ ಮೇಕಪ್ ಕಲಾವಿದರ ಆಯ್ಕೆ: ಕಾರವಾರದ ಕಡಲತೀರಕ್ಕೆ ಯಾರು, ಶಿರಸಿಯ ಕಾಡಿಗೆ ಯಾರು?

ಮದುವೆ ನಿಶ್ಚಯವಾದ ಮನೆಗಳಲ್ಲಿ ಪ್ರೀ-ವೆಡ್ಡಿಂಗ್ ಫೋಟೋಶೂಟ್ ಎಂಬುದು ಈಗ ಛತ್ರ, ಅಡುಗೆಯವರು, ಪುರೋಹಿತರು ಇವರೊಂದಿಗೇ ಗೊತ್ತುಪಡಿಸಬೇಕಾದ ಸಂಗತಿಯಾಗಿದೆ. ಸೀಮಂತದ ಚಿತ್ರಗಳು, ಸೀರೆ ಅಂಗಡಿಯ ಅಥವಾ ಚಿನ್ನದಂಗಡಿಯ ಜಾಹೀರಾತು, ಭರತನಾಟ್ಯ ಕಲಿತವರ ರಂಗಪ್ರವೇಶದ ಆಮಂತ್ರಣ, ನಟನೆಯಲ್ಲಿ ಅವಕಾಶ ಹುಡುಕುವವರ ಪೋರ್ಟ್‌ಫೋಲಿಯೋ ಹೀಗೆ ಕ್ಯಾಮೆರಾದ ಮುಂದೆ ಸಿದ್ಧರಾಗಿ ನಿಲ್ಲಬೇಕಾದ ಸಂದರ್ಭಗಳು ಬೇರೆಯೂ ಹಲವಿವೆ. ಇವೆಲ್ಲದರಲ್ಲಿ ಮೊದಲು ಗೊತ್ತಾಗುವವರು ಫೋಟೋಗ್ರಾಫರ್. ನಂತರ ಸ್ಥಳ, ಬಳಿಕ ಉಡುಪು. ಮೇಕಪ್ ಮಾಡುವವರ ವಿಚಾರ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಎಷ್ಟೋ ಬಾರಿ ಎರಡು ದಿನ ಮುಂಚೆ, ಹತ್ತಿರದ ಪಾರ್ಲರಿಗೆ ಮಾಡಿದ ಒಂದು ಫೋನ್ ಕರೆಯಲ್ಲಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೊರಾಂಗಣದಲ್ಲಿ ನಡೆಯುವ ಚಿತ್ರೀಕರಣಕ್ಕೆ ಮೇಕಪ್ ಕಲಾವಿದರನ್ನು ಆರಿಸುವಾಗ ಅವರ ಹೆಸರಿಗಿಂತಲೂ, ಇನ್‌ಸ್ಟಾಗ್ರಾಮ್‌ನಲ್ಲಿ ಅವರನ್ನು ಎಷ್ಟು ಜನ ಹಿಂಬಾಲಿಸುತ್ತಾರೆ ಎಂಬುದಕ್ಕಿಂತಲೂ ಎರಡು ಸಂಗತಿಗಳು ಮುಖ್ಯವಾಗುತ್ತವೆ: ನಿಮ್ಮ ಚಿತ್ರ ತೆಗೆಯುವ ಬೆಳಕು ಎಂಥದ್ದೆಂದು ಅವರು ಮುಂಚಿತವಾಗಿ ಕೇಳುತ್ತಾರೆಯೇ, ಮತ್ತು ಕೊನೆಯ ಚಿತ್ರ ತೆಗೆಯುವವರೆಗೆ ಅವರು ನಿಮ್ಮೊಂದಿಗೆ ಇರುತ್ತಾರೆಯೇ. ಮುಂದಿನ ಹೋಲಿಕೆಯನ್ನು ಈ ಎರಡು ಅಳತೆಗೋಲುಗಳಿಂದಲೇ ಮಾಡಿದ್ದೇನೆ.

ಮೊದಲು ಸ್ಥಳ ಮತ್ತು ಹೊತ್ತು

ಮದುವೆಯ ಮೇಕಪ್‌ಗೂ ಫೋಟೋಶೂಟಿನ ಮೇಕಪ್‌ಗೂ ಇರುವ ಅಂತರ ಹೊರಗಿನಿಂದ ಕಾಣುವಷ್ಟು ಚಿಕ್ಕದಲ್ಲ. ಮಂಟಪದಲ್ಲಿ ಕುಳಿತ ವಧುವನ್ನು ನೂರಾರು ಜನ ಬರಿಗಣ್ಣಿನಿಂದ, ಬೇರೆ ಬೇರೆ ದೂರದಿಂದ, ವಿಡಿಯೋದವರ ಪ್ರಖರ ದೀಪದಲ್ಲಿ ನೋಡುತ್ತಾರೆ. ಅಲ್ಲಿ ಬಣ್ಣ ತುಸು ಗಾಢವಾಗಿದ್ದರೂ ನಡೆಯುತ್ತದೆ, ಕೆಲವೊಮ್ಮೆ ಹಾಗೆಯೇ ಇರಬೇಕಾಗುತ್ತದೆ. ಫೋಟೋಶೂಟಿನಲ್ಲಿ ನೋಡುವುದು ಒಂದೇ ಕಣ್ಣು, ಮತ್ತು ಅದು ಕೆನ್ನೆಯ ಮೇಲಿನ ಪುಡಿಯ ಕಣವನ್ನೂ ಬಿಡುವುದಿಲ್ಲ. ಆದುದರಿಂದ ಮದುವೆಗಳಲ್ಲಿ ಒಳ್ಳೆಯ ಹೆಸರು ಪಡೆದವರೆಲ್ಲರೂ ಕ್ಯಾಮೆರಾಕ್ಕೆ ತಕ್ಕ ಕೆಲಸ ಮಾಡುತ್ತಾರೆಂದು ಭಾವಿಸಬಾರದು.

ನಮ್ಮ ಕರಾವಳಿಗೆ ವಿಶೇಷವಾದ ಒಂದು ತೊಡಕಿದೆ. ಇಲ್ಲಿ ಸೂರ್ಯ ಮುಳುಗುವುದು ಕಡಲಿನಲ್ಲಿ. ಕಾರವಾರದ ಟಾಗೋರ್ ಕಡಲತೀರದಲ್ಲಾಗಲಿ, ಗೋಕರ್ಣದ ಓಂ ಕಡಲತೀರದಲ್ಲಾಗಲಿ, ಕಾಸರಕೋಡಿನಲ್ಲಾಗಲಿ ಬಹುತೇಕ ಎಲ್ಲರೂ ಬಯಸುವುದು ಬೆನ್ನ ಹಿಂದೆ ಮುಳುಗುವ ಸೂರ್ಯನಿರುವ ಚಿತ್ರವನ್ನು. ಹಾಗೆ ನಿಂತಾಗ ಮುಖ ನೆರಳಿಗೆ ಬೀಳುತ್ತದೆ. ಆ ನೆರಳನ್ನು ನೀಗಿಸಲು ಫೋಟೋಗ್ರಾಫರ್ ಫ್ಲ್ಯಾಶ್ ಬಳಸುತ್ತಾರೆ. ಮುಖದ ಬಣ್ಣವನ್ನು ಸಮಗೊಳಿಸಲು ಹಚ್ಚುವ, ಬಿಸಿಲಿನಿಂದ ರಕ್ಷಣೆಯನ್ನೂ ನೀಡುವ ಫೌಂಡೇಶನ್‌ಗಳಲ್ಲಿ ಹಲವು ವೇಳೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇರುತ್ತದೆ, ಮುಖದ ಹೊಳಪನ್ನು ತಗ್ಗಿಸುವ ಕೆಲವು ಬಿಳಿ ಪುಡಿಗಳಲ್ಲಿ ಸಿಲಿಕಾ ಇರುತ್ತದೆ. ಫ್ಲ್ಯಾಶಿನ ಬೆಳಕು ಇವುಗಳ ಮೇಲೆ ಬಿದ್ದಾಗ ನೇರವಾಗಿ ಹಿಂದಿರುಗಿ, ಕನ್ನಡಿಯಲ್ಲಿ ಕಾಣದೇ ಇದ್ದ ಬೂದು-ಬಿಳಿ ಛಾಯೆ ಚಿತ್ರದಲ್ಲಿ ಕಣ್ಣಿನ ಕೆಳಗೆ, ಮೂಗಿನ ಮೇಲೆ ಎದ್ದು ಕಾಣುತ್ತದೆ. ಮೇಕಪ್ ಮಾಡುವವರು ಇದನ್ನು ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ. ಕಡಲತೀರದ ಸಂಜೆಯ ಶೂಟ್ ಎಂದು ನೀವು ತಿಳಿಸಿದ ಕೂಡಲೇ ‘ಫ್ಲ್ಯಾಶ್ ಹಾಕುತ್ತಾರೆಯೇ?’ ಎಂದು ತಾವಾಗಿಯೇ ಕೇಳುವ ಕಲಾವಿದರು ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆಯೇ.

ಎರಡನೆಯದು ಸೆಕೆ. ಮಾರ್ಚ್‌ನಿಂದ ಮೇ ತನಕ ಕುಮಟಾ, ಅಂಕೋಲಾ, ಕಾರವಾರದ ಮಧ್ಯಾಹ್ನಗಳಲ್ಲಿ ಹಚ್ಚಿದ್ದು ಹಚ್ಚಿದ ಜಾಗದಲ್ಲಿ ಉಳಿಯುವುದೇ ಕಷ್ಟ. ದಪ್ಪವಾಗಿ ಹಚ್ಚಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಆಗುವುದು ಅದಕ್ಕೆ ವಿರುದ್ಧ: ದಪ್ಪನೆಯ ಪದರವೇ ಬೆವರಿನೊಂದಿಗೆ ಮೊದಲು ಜಾರುವುದು. ಅನುಭವಿಗಳು ತೆಳುವಾದ ಪದರಗಳನ್ನು ಒಂದರ ಮೇಲೊಂದರಂತೆ ಹಚ್ಚಿ, ನಡುನಡುವೆ ಕೂರಿಸಿ, ಮೇಲೆ ಹಚ್ಚಿದ್ದನ್ನು ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ ಹೊಡೆಯುತ್ತಾರೆ. ಬೆವರು ಬಂದಾಗ ಪುಡಿ ಮೆತ್ತದೆ ಮೊದಲು ತೆಳ್ಳನೆಯ ಹೀರುಕಾಗದದಿಂದ ಒತ್ತಿ ತೆಗೆಯುತ್ತಾರೆ. ಇದನ್ನು ಮಾಡಲು ಅವರು ಸ್ಥಳದಲ್ಲಿ ಇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಘಟ್ಟದ ಮೇಲೆ ಸಮಸ್ಯೆಗಳೇ ಬೇರೆ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇಬ್ಬನಿಯೂ ಚಳಿಯೂ ಇರುತ್ತವೆ, ಚರ್ಮ ಒಣಗಿ ಸುಕ್ಕುಗಟ್ಟುತ್ತದೆ. ಕರಾವಳಿಯ ಸೆಕೆಗೆಂದೇ ಆರಿಸಿಕೊಂಡ, ಹೊಳಪಿಲ್ಲದ ಒಣ ಫೌಂಡೇಶನ್ ಅಲ್ಲಿ ಬಾಯಿಯ ಅಂಚಿನಲ್ಲಿ ಬಿರುಕು ಬಿಡುತ್ತದೆ. ಸಹಸ್ರಲಿಂಗದ ಬಂಡೆಗಳ ನಡುವೆ ಅಥವಾ ಯಾಣದ ದಾರಿಯಲ್ಲಿ ಮರಗಳ ಕೆಳಗೆ ನಿಂತಾಗ ಎಲೆಗಳಿಂದ ಸೋಸಿ ಬಂದ ಬೆಳಕು ಮುಖಕ್ಕೆ ಹಸಿರು ಛಾಯೆ ಕೊಡುತ್ತದೆ, ಆಗ ತಣ್ಣನೆಯ ಗುಲಾಬಿ ಬಣ್ಣಗಳು ನಿಸ್ತೇಜವಾಗಿ ಕಾಣುತ್ತವೆ. ಹವಳದ ಕೆಂಪಿನಂಥ ಬೆಚ್ಚನೆಯ ಬಣ್ಣಗಳು ಮುಖಕ್ಕೆ ಜೀವ ತರುತ್ತವೆ. ಒಂದೇ ದಿನ ಬೆಳಿಗ್ಗೆ ಯಾಣ, ಸಂಜೆ ಕುಮಟಾದ ಕಡಲತೀರ ಎಂದು ಯೋಜಿಸುವವರು ಬಹಳ. ಹಾಗೆ ಯೋಜಿಸುವುದಾದರೆ ನಡುವೆ ಮುಖ ತೊಳೆದು ಎರಡನೆಯ ಬಾರಿ ಸಿದ್ಧರಾಗಲು ಒಂದು ಕೋಣೆಯನ್ನೂ ಸಾಕಷ್ಟು ಸಮಯವನ್ನೂ ಇಟ್ಟುಕೊಳ್ಳಬೇಕು, ಇಲ್ಲವೇ ಒಂದು ಸ್ಥಳವನ್ನು ಬಿಡಬೇಕು. ನಾನಾದರೆ ಒಂದನ್ನು ಬಿಡಲು ಹೇಳುತ್ತೇನೆ.

ಯಾರು ಯಾರಿದ್ದಾರೆ

ಹತ್ತಿರದ ಪಾರ್ಲರಿನ ಬ್ಯೂಟಿಷಿಯನ್ನರು ಎಲ್ಲರಿಗೂ ಸುಲಭವಾಗಿ ಸಿಗುವವರು. ಹುಬ್ಬು ತಿದ್ದುವುದರಿಂದ ಫೇಶಿಯಲ್‌ವರೆಗೆ ನಿಮ್ಮ ಚರ್ಮದ ಸ್ವಭಾವವನ್ನು ವರ್ಷಗಳಿಂದ ಬಲ್ಲವರು ಎಂಬುದು ಅವರ ದೊಡ್ಡ ಗುಣ. ಯಾವ ಕ್ರೀಮಿಗೆ ನಿಮಗೆ ಗುಳ್ಳೆ ಏಳುತ್ತದೆ ಎಂಬುದು ಬೆಂಗಳೂರಿನ ಯಾವ ಕಲಾವಿದರಿಗೂ ಮೊದಲ ಭೇಟಿಯಲ್ಲಿ ಗೊತ್ತಾಗುವುದಿಲ್ಲ. ಅವರ ಮಿತಿಯೆಂದರೆ ಕೆಲಸವೆಲ್ಲ ನಡೆಯುವುದು ಪಾರ್ಲರಿನ ಟ್ಯೂಬ್‌ಲೈಟಿನ ಕೆಳಗೆ, ಮತ್ತು ಅಂಗಡಿಯನ್ನು ಬಿಟ್ಟು ಅರ್ಧ ದಿನ ನಿಮ್ಮೊಂದಿಗೆ ಬರುವುದು ಅವರಲ್ಲಿ ಅನೇಕರಿಗೆ ಸಾಧ್ಯವಾಗದು. ಸ್ಟುಡಿಯೋದಲ್ಲಿ ತೆಗೆಯುವ ಒಂದೆರಡು ಭಾವಚಿತ್ರ, ಕಚೇರಿಯ ಬಳಕೆಗೆ ಬೇಕಾದ ಚಿತ್ರ, ಮನೆಯಂಗಳದಲ್ಲಿ ನಡೆಯುವ ಸೀಮಂತದ ಚಿತ್ರಗಳು ಇಂಥವಕ್ಕೆ ಪಾರ್ಲರನ್ನು ದಾಟಿ ಹುಡುಕುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಇಂಥ ಊರುಗಳಲ್ಲಿ ಅಂಗಡಿಯಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುವ ಮೇಕಪ್ ಕಲಾವಿದರು ಎರಡನೆಯ ಗುಂಪು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೋರ್ಸ್ ಮಾಡಿ, ತಮ್ಮದೇ ಕಿಟ್ ಜೋಡಿಸಿಕೊಂಡು, ಕರೆದಲ್ಲಿಗೆ ಹೋಗಿ ಕೆಲಸ ಮಾಡುವವರು ಇವರು. ಇವರಲ್ಲಿ ಗುಣಮಟ್ಟದ ಅಂತರ ಬಹಳ: ಕೆಲವರು ದೊಡ್ಡ ನಗರದ ಯಾರಿಗೂ ಕಡಿಮೆಯಿಲ್ಲದವರು, ಕೆಲವರು ಹದಿನೈದು ದಿನದ ತರಬೇತಿಯ ಪ್ರಮಾಣಪತ್ರವನ್ನೇ ಬಂಡವಾಳ ಮಾಡಿಕೊಂಡವರು. ಹೀಗಿದ್ದರೂ ನಾನು ಮೊದಲು ಹುಡುಕುವುದು ಈ ಗುಂಪಿನಲ್ಲಿಯೇ. ಇವರಿಗೆ ಕಡಲಗಾಳಿ ಯಾವ ಹೊತ್ತಿಗೆ ಜೋರಾಗುತ್ತದೆಂದು ಗೊತ್ತು, ಯಾಣದ ಮೆಟ್ಟಿಲುಗಳನ್ನು ಸೀರೆಯಲ್ಲಿ ಹತ್ತಲು ಎಷ್ಟು ಹೊತ್ತು ಬೇಕೆಂದು ಗೊತ್ತು, ಓಂ ಕಡಲತೀರದ ಸಮೀಪ ಬಟ್ಟೆ ಬದಲಿಸಲು ಜಾಗ ಕೊಡುವವರು ಯಾರೆಂದು ಗೊತ್ತು. ಪೂರ್ತಿ ಸಮಯ ಜೊತೆಗಿರಿ ಎಂದರೆ ಒಪ್ಪುವವರೂ ಹೆಚ್ಚಾಗಿ ಇವರೇ.

ಹೊರಗಿನಿಂದ ಕರೆಸುವುದು ಮೂರನೆಯ ದಾರಿ. ಶಿರಸಿಯವರು ಹುಬ್ಬಳ್ಳಿಯತ್ತ, ಕಾರವಾರದವರು ಗೋವಾದತ್ತ, ಭಟ್ಕಳದವರು ಉಡುಪಿ-ಮಂಗಳೂರಿನತ್ತ ನೋಡುವುದು ರೂಢಿ. ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿಲೋಮೀಟರ್, ಮಡಗಾಂವಿನಿಂದ ಕಾರವಾರಕ್ಕೆ 70ರ ಆಸುಪಾಸು. ದೂರ ದೊಡ್ಡದಲ್ಲ, ಆದರೆ ಬೆಳಿಗ್ಗೆ ಆರು ಗಂಟೆಗೆ ಮೊದಲ ಚಿತ್ರ ತೆಗೆಯಬೇಕೆಂದರೆ ಕಲಾವಿದರು ಹಿಂದಿನ ರಾತ್ರಿಯೇ ಬಂದು ಉಳಿಯಬೇಕು. ಮಳೆಗಾಲದಲ್ಲಿ ರಸ್ತೆಯನ್ನು ನಂಬುವುದೇ ಕಷ್ಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ದಿನಗಟ್ಟಲೆ ನಿಂತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅಷ್ಟಾದರೂ ಕೆಲವು ಕೆಲಸಗಳಿಗೆ ಹೊರಗಿನವರೇ ಸರಿ. ಆಭರಣದ ಜಾಹೀರಾತಿನಲ್ಲಿ ಕಿವಿ, ಕತ್ತು, ಕೈಗಳನ್ನು ಅತಿ ಹತ್ತಿರದಿಂದ ತೆಗೆಯುತ್ತಾರೆ. ಪತ್ರಿಕೆಗೆ ಅಥವಾ ದೊಡ್ಡ ಫಲಕಕ್ಕೆ ಹೋಗುವ ಚಿತ್ರದಲ್ಲಿ ಚಿಕ್ಕ ದೋಷವೂ ದೊಡ್ಡದಾಗುತ್ತದೆ. ನಟನೆಯ ಪೋರ್ಟ್‌ಫೋಲಿಯೋದಲ್ಲಿ ಒಂದೇ ಮುಖ ನಾಲ್ಕು ಬಗೆಯಲ್ಲಿ ಕಾಣಬೇಕಾಗುತ್ತದೆ. ಇಂಥದ್ದನ್ನು ದಿನನಿತ್ಯ ಮಾಡುವ ಕೈಗೆ ಹೆಚ್ಚು ಹಣ ಕೊಡುವುದು ನ್ಯಾಯವೇ. ಬರಿಯ ಹೆಸರಿಗಾಗಿ ಪ್ರೀ-ವೆಡ್ಡಿಂಗ್‌ಗೆ ದೂರದವರನ್ನು ಕರೆಸುವುದರಲ್ಲಿ ಮಾತ್ರ ನನಗೆ ಅರ್ಥ ಕಾಣುವುದಿಲ್ಲ, ಏಕೆಂದರೆ ಹೆಸರಾದವರು ಒಂದೂವರೆ ಗಂಟೆಯಲ್ಲಿ ಮೇಕಪ್ ಮುಗಿಸಿ ಮುಂದಿನ ಕೆಲಸಕ್ಕೆ ಹೊರಡುತ್ತಾರೆ, ಆಮೇಲಿನ ಮೂರು ಗಂಟೆಯ ಬೆವರಿಗೆ ಉತ್ತರ ಕೊಡುವವರು ಇರುವುದಿಲ್ಲ.

ಫೋಟೋಗ್ರಾಫರ್ ತಮ್ಮ ಪ್ಯಾಕೇಜಿನಲ್ಲೇ ಮೇಕಪ್ ಸೇರಿಸಿ ಕೊಡುವ ವ್ಯವಸ್ಥೆಯೂ ಇದೆ. ಇದರ ಲಾಭ, ಇಬ್ಬರೂ ಒಟ್ಟಿಗೆ ಕೆಲಸ ಮಾಡಿ ಹೊಂದಿಕೊಂಡವರು: ಯಾವ ಲೈಟಿಗೆ ಯಾವ ಬಣ್ಣ ಎಂಬ ಚರ್ಚೆಯೇ ಬೇಕಾಗುವುದಿಲ್ಲ. ತೊಂದರೆಯೆಂದರೆ ನಿಮ್ಮ ಮುಖಕ್ಕೆ ಯಾರು ಕೈ ಹಾಕುತ್ತಾರೆಂಬುದು ಆ ದಿನದವರೆಗೂ ತಿಳಿಯದೇ ಹೋಗಬಹುದು. ಕಲಾವಿದರ ಹೆಸರು ಮತ್ತು ಅವರ ಹಿಂದಿನ ಕೆಲಸ ಕೇಳಿ. ‘ನಮ್ಮ ಹುಡುಗಿ ಬರುತ್ತಾಳೆ, ಚಿಂತೆ ಬೇಡ’ ಎಂಬ ಉತ್ತರಕ್ಕೆ ಒಪ್ಪಿಕೊಳ್ಳಬೇಡಿ.

ಇನ್ನೊಂದು ಬಗೆಯವರ ನೆನಪು ಈ ಜಿಲ್ಲೆಯಲ್ಲಿ ಸಹಜವಾಗಿಯೇ ಬರುತ್ತದೆ. ಯಕ್ಷಗಾನದ ವೇಷದಲ್ಲಿ ಫೋಟೋ ತೆಗೆಸಿಕೊಳ್ಳುವ ಆಸೆ ಇಲ್ಲಿನ ಅನೇಕರಿಗಿದೆ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ 1934ರಲ್ಲಿ ಆರಂಭವಾದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಂಥ ಮೇಳಗಳಿರುವ ನಾಡಿನಲ್ಲಿ ಅದು ಸಹಜವೂ ಹೌದು. ಆದರೆ ಈ ಕೆಲಸಕ್ಕೆ ಬ್ಯೂಟಿಷಿಯನ್ನರನ್ನು ಕೇಳಬಾರದು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕಲಾವಿದರು ತಮ್ಮ ಮುಖವರ್ಣಿಕೆಯನ್ನು ತಾವೇ ಬರೆದುಕೊಳ್ಳುತ್ತಾರೆ, ಯಾವ ಪಾತ್ರಕ್ಕೆ ಯಾವ ನಾಮ, ಯಾವ ಹುಬ್ಬು ಎಂಬುದಕ್ಕೆ ಅಲ್ಲಿ ಕಟ್ಟುನಿಟ್ಟಾದ ಕ್ರಮವಿದೆ, ಮತ್ತು ಆ ಬಣ್ಣಗಾರಿಕೆ ಇರುವುದು ರಂಗದ ದೀಪಕ್ಕೆ, ದೂರದ ನೋಟಕ್ಕೆ. ವೇಷ ಕಟ್ಟಬಲ್ಲ ಮೇಳದ ಹಿರಿಯರೊಬ್ಬರನ್ನು ಗೌರವದಿಂದ ಕೇಳಿಕೊಳ್ಳುವುದೇ ಸರಿಯಾದ ದಾರಿ. ಮುಖವರ್ಣಿಕೆಯಿಂದ ಮುಂದಲೆ ಎಂಬ ತಲೆಯುಡುಗೆ ಅಥವಾ ಕಿರೀಟ ಕಟ್ಟುವವರೆಗೆ ಬಹಳ ಹೊತ್ತು ಹಿಡಿಯುತ್ತದೆ ಎಂಬುದನ್ನು ಫೋಟೋಗ್ರಾಫರಿಗೆ ಮೊದಲೇ ತಿಳಿಸಿರಬೇಕು.

ತಾವೇ ಮೇಕಪ್ ಮಾಡಿಕೊಳ್ಳುವವರೂ ಇದ್ದಾರೆ. ದಿನವೂ ಮಾಡಿಕೊಳ್ಳುವ ಅಭ್ಯಾಸವಿದ್ದರೆ, ಶೂಟ್ ಚಿಕ್ಕದಾಗಿದ್ದರೆ, ಅದೂ ಆಗುತ್ತದೆ. ಕೂದಲಿಗೆ ಮಾತ್ರ ಒಬ್ಬರು ಜೊತೆಗಿರಲಿ.

ಎಚ್‌ಡಿ, ಏರ್‌ಬ್ರಷ್ ಎಂಬ ಹೆಸರುಗಳು

ದರಪಟ್ಟಿಯಲ್ಲಿ ಸಾಮಾನ್ಯ ಮೇಕಪ್, ಎಚ್‌ಡಿ ಮೇಕಪ್, ಏರ್‌ಬ್ರಷ್ ಮೇಕಪ್ ಎಂಬ ಮೂರು ಸಾಲುಗಳು ಕಾಣುತ್ತವೆ, ಪ್ರತಿ ಸಾಲಿಗೂ ಬೆಲೆ ಏರುತ್ತದೆ. ಇವುಗಳಲ್ಲಿ ಏರ್‌ಬ್ರಷ್ ಮಾತ್ರ ನಿಜವಾಗಿಯೂ ಬೇರೆ ವಿಧಾನ: ಚಿಕ್ಕ ಕಂಪ್ರೆಸರಿಗೆ ಜೋಡಿಸಿದ ಗನ್‌ನಿಂದ ದ್ರವರೂಪದ ಫೌಂಡೇಶನ್ನನ್ನು ನುಣ್ಣನೆಯ ತುಂತುರಾಗಿ ಸಿಂಪಡಿಸುತ್ತಾರೆ. ಎಚ್‌ಡಿ ಎಂಬುದು ಟಿವಿ ಕ್ಯಾಮೆರಾಗಳು ಸೂಕ್ಷ್ಮವಾದ ಕಾಲದಲ್ಲಿ ಬಂದ ಹೆಸರು; ನುಣುಪಾದ ಪುಡಿಯ, ತೆಳುವಾಗಿ ಹರಡುವ ಉತ್ಪನ್ನಗಳನ್ನು ಬ್ರಷ್ ಮತ್ತು ಸ್ಪಂಜಿನಿಂದ ಹಚ್ಚುವುದಕ್ಕೆ ಹಾಗೆನ್ನುತ್ತಾರೆ. ಇಂತಿಷ್ಟು ಮಾಡಿದರೆ ಮಾತ್ರ ಎಚ್‌ಡಿ ಎನ್ನಬಹುದು ಎಂಬ ಕಟ್ಟಳೆ ಎಲ್ಲಿಯೂ ಇಲ್ಲವಾದ್ದರಿಂದ ಒಬ್ಬರ ಸಾಮಾನ್ಯ ಮೇಕಪ್ ಇನ್ನೊಬ್ಬರ ಎಚ್‌ಡಿಗಿಂತ ಚೆನ್ನಾಗಿರಬಹುದು.

ಕರಾವಳಿಯ ಸೆಕೆಗೆ ಏರ್‌ಬ್ರಷ್ಷೇ ಉತ್ತರ ಎಂದು ಹಲವರು ಹೇಳುತ್ತಾರೆ. ಸಿಲಿಕೋನ್ ಆಧಾರದ ದ್ರವ ಬಳಸಿದಾಗ ಅದು ನೀರಿಗೂ ಬೆವರಿಗೂ ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ. ಆದರೆ ಒಮ್ಮೆ ಕೂತ ಪದರ ಎಲ್ಲಾದರೂ ಕಿತ್ತುಹೋದರೆ, ಉದಾಹರಣೆಗೆ ಮೂಗು ಒರೆಸಿಕೊಂಡ ಕಡೆ, ಅಷ್ಟನ್ನೇ ಸರಿಪಡಿಸುವುದು ಬೆರಳಿನಿಂದ ಹಚ್ಚಿದ ಕ್ರೀಮನ್ನು ಸರಿಪಡಿಸಿದಷ್ಟು ಸುಲಭವಲ್ಲ. ಒಣಚರ್ಮದ ಸಿಪ್ಪೆಯನ್ನೂ ಮೊಡವೆಯ ಉಬ್ಬನ್ನೂ ಅದು ಮರೆಮಾಡುವುದಿಲ್ಲ. ಒಂದೇ ಸ್ಥಳದ, ಎರಡು-ಮೂರು ಗಂಟೆಯ ಕಡಲತೀರದ ಶೂಟಿಗೆ ಏರ್‌ಬ್ರಷ್ ಚೆನ್ನ. ಚಳಿಗಾಲದ ಶಿರಸಿಗೂ, ಉಡುಪಿನೊಂದಿಗೆ ಮೇಕಪ್ಪೂ ಬದಲಾಗಬೇಕಾದ ಶೂಟಿಗೂ ಬ್ರಷ್ ಕೆಲಸವೇ ಮೇಲು.

ಹಿಂದಿನ ಕೆಲಸ ನೋಡುವಾಗ

ಇನ್‌ಸ್ಟಾಗ್ರಾಮಿನ ಪುಟದಲ್ಲಿ ಕಾಣುವ ನುಣುಪು ಮೇಕಪ್ಪಿನದೋ ಎಡಿಟಿಂಗಿನದೋ ಎಂದು ಹೇಳುವುದು ಕಷ್ಟ. ರಿಂಗ್ ಲೈಟಿನ ಮುಂದೆ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಎಲ್ಲರ ಚರ್ಮವೂ ಚೆನ್ನಾಗಿಯೇ ಇರುತ್ತದೆ. ಬಯಲಿನ ಬೆಳಕಿನಲ್ಲಿ ತೆಗೆದ, ತಿದ್ದದ ಚಿತ್ರಗಳನ್ನು ಕಳುಹಿಸಲು ಕೇಳಿ. ಮೇಕಪ್ ಮುಗಿದ ಕೂಡಲೇ ತೆಗೆದದ್ದಲ್ಲ, ಶೂಟ್ ಮುಗಿದ ಮೇಲೆ ತೆಗೆದದ್ದು ಒಂದಾದರೂ ಇರಲಿ. ಮುಖಕ್ಕೂ ಕತ್ತಿಗೂ ಬಣ್ಣ ಬೇರೆಯಾಗಿದೆಯೇ, ಕೂದಲಿನ ಅಂಚಿನಲ್ಲಿ ಫೌಂಡೇಶನ್ ಗೆರೆ ನಿಂತಿದೆಯೇ, ರೆಪ್ಪೆಗೆ ಅಂಟಿಸಿದ ಕೃತಕ ಕೂದಲಿನ ತುದಿ ಎದ್ದಿದೆಯೇ ಎಂಬುದನ್ನು ಚಿತ್ರವನ್ನು ದೊಡ್ಡದು ಮಾಡಿ ನೋಡಬೇಕು.

ಅತ್ಯಂತ ಮುಖ್ಯವಾಗಿ, ನಿಮ್ಮ ಬಣ್ಣದವರಿಗೆ ಅವರು ಏನು ಮಾಡಿದ್ದಾರೆ ಎಂಬುದನ್ನು ನೋಡಿ. ಈ ಜಿಲ್ಲೆಯಲ್ಲಿ ತೀರ ಬಿಳುಪಿನವರಿಂದ ಹಿಡಿದು ಅಚ್ಚ ಕಪ್ಪಿನವರೆಗೆ ಎಲ್ಲ ಬಣ್ಣದ ಜನ ಇದ್ದೇವೆ. ಒಬ್ಬ ಕಲಾವಿದರ ಪುಟದಲ್ಲಿರುವ ಹುಡುಗಿಯರೆಲ್ಲರೂ ಮೇಕಪ್ಪಿನ ನಂತರ ಒಂದೇ ಬಿಳಿ ಬಣ್ಣಕ್ಕೆ ಬಂದಿದ್ದರೆ ಅವರ ಕಿಟ್‌ನಲ್ಲಿ ಎರಡೋ ಮೂರೋ ಛಾಯೆಗಳಷ್ಟೇ ಇವೆ ಎಂದು ತಿಳಿಯಬಹುದು. ಸರಿಯಾದ ಛಾಯೆ ಎಂದರೆ ಬಿಳುಪು-ಕಪ್ಪಿನ ಪ್ರಶ್ನೆ ಮಾತ್ರವಲ್ಲ. ಚರ್ಮದ ಕೆಳಗಿನ ಒಳಬಣ್ಣ ಹಳದಿಯತ್ತಲೋ ಗುಲಾಬಿಯತ್ತಲೋ ಇರುತ್ತದೆ. ಹಳದಿ ಒಳಬಣ್ಣದ ಕಂದು ಮುಖಕ್ಕೆ ಗುಲಾಬಿ ಛಾಯೆಯ ಫೌಂಡೇಶನ್ ಹಚ್ಚಿದರೆ ಮುಖ ಬೂದಿ ಬಳಿದಂತಾಗುತ್ತದೆ. ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂದು ಮನೆಯ ಹಿರಿಯರು ಹೇಳುವುದು ಇಂದಿಗೂ ಇದೆ, ಮತ್ತು ಕಲಾವಿದರು ಗಿರಾಕಿಯ ಮಾತು ಮೀರಲಾರದೆ ಒಪ್ಪುತ್ತಾರೆ. ಕೈಗಳು ಒಂದು ಬಣ್ಣ, ಮುಖ ಇನ್ನೊಂದು ಬಣ್ಣವಾದ ಆ ಚಿತ್ರಗಳನ್ನು ಮುಂದೆ ನೋಡಬೇಕಾದವರು ನೀವು. ನಿಮ್ಮ ಬಣ್ಣವನ್ನು ಹಾಗೆಯೇ ಇಟ್ಟು ಮುಖಕ್ಕೆ ಕಳೆ ತರುತ್ತೇನೆ ಎಂದು ಹಿರಿಯರ ಎದುರಿಗೇ ವಿನಯದಿಂದ ಹೇಳುವ ಕಲಾವಿದರು ಸಿಕ್ಕರೆ ಬಿಡಬೇಡಿ.

ಟ್ರಯಲ್ ಕೊಡುತ್ತಾರೆಯೇ, ಅದಕ್ಕೆ ಎಷ್ಟು ಎಂಬುದನ್ನು ಕೇಳಲು ಸಂಕೋಚ ಬೇಡ. ಪೂರ್ತಿ ಮೇಕಪ್ ಬೇಕಾಗಿಲ್ಲ. ದವಡೆಯ ಪಕ್ಕದಲ್ಲಿ ಎರಡು-ಮೂರು ಛಾಯೆಗಳನ್ನು ಹಚ್ಚಿಸಿಕೊಂಡು ಅಂಗಳಕ್ಕೆ ಬಂದು ನೋಡಿದರೆ, ಫ್ಲ್ಯಾಶ್ ಹಾಕಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದರೆ ಬೇಕಾದ್ದು ತಿಳಿಯುತ್ತದೆ. ಅಲರ್ಜಿಯ ಭಯವಿದ್ದವರು ರೆಪ್ಪೆಯ ಅಂಟನ್ನೂ ಫೌಂಡೇಶನ್ನನ್ನೂ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ಹಚ್ಚಿ ಒಂದೆರಡು ದಿನ ಕಾಯುವುದು ಒಳಿತು. ಲೇಟೆಕ್ಸ್ ಇರುವ ಅಂಟು ಕೆಲವರಿಗೆ ಆಗುವುದಿಲ್ಲ. ಕೈಗೆ ಬೇಗ ಬಣ್ಣ ಕೂರುತ್ತದೆಂದು ಮಾರುವ ಕಪ್ಪು ಮೆಹಂದಿಯಲ್ಲಿ ಕೂದಲಿನ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುವುದುಂಟು, ಶೂಟಿಗೆ ಮುಂಚೆ ಅದರ ತಂಟೆಗೆ ಹೋಗದಿರುವುದೇ ಕ್ಷೇಮ. ಫೇಶಿಯಲ್, ವ್ಯಾಕ್ಸಿಂಗ್ ಇವುಗಳನ್ನು ಹಿಂದಿನ ದಿನ ಮಾಡಿಸದೆ ನಾಲ್ಕೈದು ದಿನ ಮುಂಚೆಯೇ ಮುಗಿಸಿರಬೇಕು.

ಅದೇ ಭೇಟಿಯಲ್ಲಿ ಕಿಟ್ಟಿನ ಕಡೆಗೂ ಕಣ್ಣು ಹಾಯಿಸಿ. ಬ್ರಷ್ಷುಗಳು ತೊಳೆದಿವೆಯೇ, ಸ್ಪಂಜು ಹೊಸದೇ, ಲಿಪ್‌ಸ್ಟಿಕ್ಕನ್ನು ನೇರವಾಗಿ ತುಟಿಗೆ ಉಜ್ಜುತ್ತಾರೆಯೇ ಅಥವಾ ಸ್ಟೀಲಿನ ತಟ್ಟೆಗೆ ತೆಗೆದು ಬ್ರಷ್ಷಿನಿಂದ ಹಚ್ಚುತ್ತಾರೆಯೇ, ಮಸ್ಕಾರಾಕ್ಕೆ ಒಮ್ಮೆ ಬಳಸಿ ಬಿಸಾಡುವ ಕಡ್ಡಿ ಇದೆಯೇ ಎಂಬುದು ಎರಡು ನಿಮಿಷದಲ್ಲಿ ಕಂಡುಬಿಡುತ್ತದೆ. ಕಣ್ಣಿನ ಸೋಂಕು ಒಬ್ಬರಿಂದೊಬ್ಬರಿಗೆ ದಾಟುವ ಸುಲಭದ ಹಾದಿ ಹಲವರಿಗೆ ಬಳಸಿದ ಮಸ್ಕಾರಾ ಕಡ್ಡಿ. ವಿದೇಶಿ ಬ್ರ್ಯಾಂಡ್ ಎಂದು ತೋರಿಸಿದ ಡಬ್ಬಿಯ ಮೇಲೆ ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಆಮದು ಮಾಡಿದವರ ಹೆಸರು ಮತ್ತು ಆಮದು ನೋಂದಣಿ ಸಂಖ್ಯೆ ಇರಬೇಕೆಂದು 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಅವು ಇಲ್ಲದ ಡಬ್ಬಿ ಎಷ್ಟೇ ದೊಡ್ಡ ಹೆಸರಿನದಾದರೂ ನಕಲಿ ಇರಬಹುದು.

ಕೂದಲು, ಹೂವು, ಸೀರೆ

ಚಿತ್ರರಂಗದಲ್ಲಿ ಮೇಕಪ್ಪಿಗೊಬ್ಬರು, ಕೂದಲಿಗೊಬ್ಬರು ಇರುವುದು ರೂಢಿ. ಅಲ್ಲಿನ ಸಂಘದ ನಿಯಮವೊಂದು ಮಹಿಳೆಯರನ್ನು ಕೇಶವಿನ್ಯಾಸಕ್ಕೆ ಮಾತ್ರ ಸೀಮಿತಗೊಳಿಸಿ, ಮೇಕಪ್ ಕಲಾವಿದರ ಕಾರ್ಡನ್ನು ಅವರಿಗೆ ನಿರಾಕರಿಸುತ್ತಿತ್ತು. 2014ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಮ್ಮ ಊರುಗಳಲ್ಲಿ ಈ ವಿಭಾಗವೇ ಇಲ್ಲ, ಒಬ್ಬರೇ ಎರಡನ್ನೂ ಮಾಡುತ್ತಾರೆ, ಸೀರೆಯನ್ನೂ ಉಡಿಸುತ್ತಾರೆ. ಆದರೆ ಮುಖದ ಕೆಲಸದಲ್ಲಿ ಗಟ್ಟಿಗರಾದವರು ಜಡೆ ಕಟ್ಟುವುದರಲ್ಲಿಯೂ ಹಾಗೆಯೇ ಇರುತ್ತಾರೆ ಎಂದೇನಿಲ್ಲ, ಆದುದರಿಂದ ಎರಡನ್ನೂ ಬೇರೆ ಬೇರೆಯಾಗಿ ವಿಚಾರಿಸಿ.

ಕಡಲತೀರದಲ್ಲಿ ಮಧ್ಯಾಹ್ನದ ನಂತರ ಗಾಳಿ ಬೀಸುವುದು ಕಡಲಿನಿಂದ ನೆಲದ ಕಡೆಗೆ. ಕಡಲಿಗೆ ಬೆನ್ನು ಮಾಡಿ ನಿಂತರೆ ಬಿಚ್ಚಿದ ಕೂದಲೆಲ್ಲ ಮುಖದ ಮೇಲೆಯೇ ಬಂದು ಬೀಳುತ್ತದೆ, ಹೊಳೆಯುವ ಲಿಪ್‌ಗ್ಲಾಸ್ ಹಚ್ಚಿದ ತುಟಿಗೆ ಕೂದಲೂ ಮರಳೂ ಅಂಟುತ್ತವೆ. ಗೋಕರ್ಣದಲ್ಲಿ ಹಾರುವ ಕೂದಲಿನ ಚಿತ್ರ ಬೇಕೇ ಬೇಕೆಂದರೆ ಅದನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದು ಮುಗಿಸಿ, ಆಮೇಲೆ ತುರುಬು ಕಟ್ಟಿಸಿಕೊಳ್ಳುವುದು ವಾಸಿ. ಹೂವಿನ ವಿಷಯದಲ್ಲಿ ಭಟ್ಕಳ ಮಲ್ಲಿಗೆಯ ಬಿಳುಪಿಗೆ ಸಾಟಿಯಿಲ್ಲವಾದರೂ ಬಿಸಿಲಿಗೆ ಅದು ಬೇಗ ಕಂದುತ್ತದೆ. ಅಬ್ಬಲಿಗೆ (ಕನಕಾಂಬರ) ಇನ್ನಷ್ಟು ಹೊತ್ತು ತಾಳುತ್ತದೆ, ಸಂಜೆಯ ಬೆಳಕಿನಲ್ಲಿ ಅದರ ಕೇಸರಿ ಬಣ್ಣ ಚಿತ್ರಕ್ಕೂ ಒಪ್ಪುತ್ತದೆ. ದಂಡೆಯನ್ನು ಬಾಳೆಎಲೆಯಲ್ಲಿ ಕಟ್ಟಿ ತಂದು ಸ್ಥಳದಲ್ಲಿಯೇ ಮುಡಿಸುವವರು ಬೇಕು, ಪಾರ್ಲರಿನಲ್ಲೇ ಮುಡಿಸಿ ಕಳುಹಿಸುವವರಲ್ಲ.

ವರನ ಮೇಕಪ್ಪನ್ನು ಮರೆಯುವವರೇ ಹೆಚ್ಚು. ವಧುವಿನ ಪಕ್ಕದಲ್ಲಿ ಏನೂ ಹಚ್ಚದ ಮುಖ ಎಣ್ಣೆ ಹೊಳೆಯುತ್ತ ಕಾಣುತ್ತದೆ. ಕಣ್ಣಿನ ಕೆಳಗಿನ ಕಪ್ಪನ್ನು ತುಸು ಮರೆಸಿ, ಹೊಳಪು ತಗ್ಗಿಸಿ, ತುಟಿಗೆ ಬಣ್ಣವಿಲ್ಲದ ಬಾಮ್ ಹಚ್ಚಿದರೆ ಅಷ್ಟೇ ಸಾಕು. ಕಾಲು ಗಂಟೆಯ ಕೆಲಸ, ಇದನ್ನು ಅದೇ ದರದಲ್ಲಿ ಮಾಡಿಕೊಡುತ್ತಾರೆಯೇ ಎಂದು ಕೇಳಿಡಿ.

ಸಮಯ ಮತ್ತು ಹಣದ ಲೆಕ್ಕ

ಸಮಯವನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಬೇಕು. ಕಾರವಾರದಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ 6 ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಮೇ ತಿಂಗಳಲ್ಲಿ 7 ಗಂಟೆಯ ಸಮೀಪ. ಡಿಸೆಂಬರಿನಲ್ಲಿ 4 ಗಂಟೆಗೆ ಚಿತ್ರ ತೆಗೆಯಲು ತೊಡಗಬೇಕೆಂದಾದರೆ ಮುಖಕ್ಕೂ ಕೂದಲಿಗೂ ಎರಡು ಗಂಟೆ, ಸೀರೆಗೆ ಅರ್ಧ ಗಂಟೆ, ದಾರಿಗೆ ಅರ್ಧ ಗಂಟೆ ಎಂದು ಹಿಡಿದು 1 ಗಂಟೆಗೆ ಊಟ ಮುಗಿಸಿ ಕುರ್ಚಿಯಲ್ಲಿ ಕೂತಿರಬೇಕು. ಮೇಕಪ್ ನಡೆಯುವ ಕೋಣೆಗೆ ಕಿಟಕಿ ಇರಲಿ. ಹಳದಿ ಬಲ್ಬಿನ ಕೆಳಗೆ ಸರಿಯಾಗಿ ಕಂಡ ಬಣ್ಣ ಹಗಲಿನಲ್ಲಿ ಹಾಗೆ ಕಾಣುವುದಿಲ್ಲ.

ದರಗಳನ್ನು ಹೋಲಿಸುವಾಗ ಮೊದಲು ಹೇಳಿದ ಸಂಖ್ಯೆಯನ್ನೇ ಹಿಡಿದುಕೊಂಡರೆ ಮೋಸಹೋಗುತ್ತೇವೆ. ಕೇವಲ ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಸ್ಥಳೀಯ ಕಲಾವಿದರೊಬ್ಬರು ಕೂದಲು, ಸೀರೆ, ಜೊತೆಗಿದ್ದು ಮೇಕಪ್ ತಿದ್ದುವ ನಾಲ್ಕು ಗಂಟೆಯ ಟಚ್‌ಅಪ್ ಎಲ್ಲ ಸೇರಿ 8,000 ರೂಪಾಯಿ ಕೇಳುತ್ತಾರೆ, ಹೊರಗಿನವರೊಬ್ಬರು ಮುಖದ ಮೇಕಪ್ಪಿಗೆ 7,000 ಎನ್ನುತ್ತಾರೆ. ಎರಡನೆಯದಕ್ಕೆ ಕೂದಲಿನ 1,500, ಸೀರೆಯ 500, ಕಾರಿನ 3,000, ರಾತ್ರಿಯ ಕೋಣೆಯ 1,500 ಸೇರಿಸಿದರೆ 13,500 ಆಗುತ್ತದೆ, ಮತ್ತು ಅದರಲ್ಲಿ ಟಚ್‌ಅಪ್ ಇನ್ನೂ ಸೇರಿಲ್ಲ. ಕೃತಕ ರೆಪ್ಪೆ, ಹೂವು, ಎರಡನೆಯ ಉಡುಪಿಗೆ ಮೇಕಪ್ ಬದಲಾವಣೆ, ಬೆಳಗಿನ ಜಾವದ ಕೆಲಸಕ್ಕೆ ಹೆಚ್ಚುವರಿ, ಸಹಾಯಕರ ಊಟ ಇವುಗಳ ಬಗ್ಗೆಯೂ ಬಾಯಿಬಿಟ್ಟು ಕೇಳಬೇಕು. ಟಚ್‌ಅಪ್‌ಗೆ ನಿಲ್ಲಲು ಕಲಾವಿದರಿಗೆ ಆಗದಿದ್ದರೆ, ಅವರ ಸಹಾಯಕರನ್ನಾದರೂ ಕಡಿಮೆ ದರಕ್ಕೆ ಕಳುಹಿಸುತ್ತಾರೆಯೇ ಎಂದು ವಿಚಾರಿಸಬಹುದು. ನನಗೆ ಗೊತ್ತಿರುವಂತೆ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಿದರೆ ಒಪ್ಪುವವರು ಸಾಕಷ್ಟಿದ್ದಾರೆ.

ಅಡ್ವಾನ್ಸ್ ಕೊಡುವ ಮುಂಚೆ ಒಪ್ಪಿದ್ದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳುಹಿಸಿ, ಅವರಿಂದ ‘ಸರಿ’ ಎಂಬ ಉತ್ತರ ಪಡೆಯಿರಿ: ದಿನಾಂಕ, ಕುರ್ಚಿಯಲ್ಲಿ ಕೂರುವ ಹೊತ್ತು, ಸ್ಥಳ, ಬರುವವರ ಹೆಸರು, ಎಷ್ಟು ಹೊತ್ತು ಇರುತ್ತಾರೆ, ಒಟ್ಟು ಮೊತ್ತ. ಮೇ ಕೊನೆಯಿಂದ ಸೆಪ್ಟೆಂಬರ್ ತನಕದ ಯಾವ ದಿನವನ್ನು ಗೊತ್ತುಮಾಡಿದರೂ ಮಳೆ ಬಂದರೆ ಏನು ಎಂಬ ಸಾಲು ಅದರಲ್ಲಿ ಇರಲೇಬೇಕು. ಅಡ್ವಾನ್ಸ್ ಹಿಂದಿರುಗಿಸುವುದಿಲ್ಲ ಎನ್ನುವುದು ಅವರ ದೃಷ್ಟಿಯಿಂದ ತಪ್ಪಲ್ಲ, ಆ ದಿನಕ್ಕಾಗಿ ಅವರು ಬೇರೆ ಕೆಲಸ ಬಿಟ್ಟಿರುತ್ತಾರೆ. ಆದರೆ ಅದೇ ಹಣವನ್ನು ಮುಂದಿನ ದಿನಾಂಕಕ್ಕೆ ಹೊಂದಿಸಿಕೊಳ್ಳುತ್ತಾರೆಯೇ, ಮಳೆಯೆಂದು ಮುಂದೂಡುವುದನ್ನು ಎಷ್ಟು ಗಂಟೆ ಮುಂಚೆ ತಿಳಿಸಬೇಕು, ಮೇಕಪ್ ಮುಗಿದ ಮೇಲೆ ಮಳೆ ಹಿಡಿದರೆ ಪೂರ್ತಿ ಹಣ ಕೊಡಬೇಕೇ ಎಂಬುದು ಬರವಣಿಗೆಯಲ್ಲಿರಲಿ. ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ; ಅವರ ಕೆಲಸ ಮುಗಿದಿರುತ್ತದೆ. ಆ ದಿನದ ಮೇಕಪ್ ವ್ಯರ್ಥವಾಗದಂತೆ ಕಡಲತೀರದ ಬದಲು ಹತ್ತಿರದಲ್ಲಿ ಜಗಲಿಯಿರುವ ಹಳೆಯ ಮನೆಯೊಂದನ್ನು ಫೋಟೋಗ್ರಾಫರ್ ಮೊದಲೇ ಕೇಳಿಟ್ಟಿರುವಂತೆ ನೋಡಿಕೊಳ್ಳಿ.